ಬಡಗಣ ಮಗ್ಗುಲಿನ ಬೆಂಕಿ

ಗುಡ್ಡದ ಹಟ್ಟಿ, ಕೂಡ್ಲಿಗಿ ತಾಲ್ಲೂಕು
ಗುರುವಾರ, 9 ಮೇ 2024

ಪ್ರವೀಣನ ಅಪ್ಪನಿಗೆ, ಚಂದನಾಳ ನಮಸ್ಕಾರ.

ಕಾಲಿಗೆ ಚುಚ್ಚಿದ್ದ ಮುಳ್ಳು ಪೂರ್ತಿ ಹೊರಬಂತೇ? ಹಲವಾಗಲಿನ ಹೊಳೆದಂಡೆಯಲ್ಲಿ ಕುರಿಗಳಿಗೆ ಮೇವಿಲ್ಲದಿದ್ದರೂ ನೀರಾದರೂ ಸಿಗುತ್ತಿದೆಯೇ? ಮೊಬೈಲನ್ನು ಹೊಳೆಗೆ ಬೀಳಿಸಿಕೊಂಡವರಿಗೆ ಇನ್ನು ಕಾಗದವೇ ಗತಿ. ನಾಳೆ ಬೊಮ್ಮಪ್ಪಣ್ಣ ನಿಮಗೆ ಜೋಳದ ಹಿಟ್ಟು ತರುತ್ತಿದ್ದಾನೆ, ಅವನ ಕೈಯಲ್ಲೇ ಇದನ್ನೂ ಕೊಡುತ್ತೇನೆ. ಪ್ರವೀಣ ಗೋಡೆ ಹಿಡಿದು ನಿಲ್ಲುತ್ತಾನೆ, ಕೈ ಬಿಟ್ಟು ನಗುತ್ತಾನೆ, ಕೂರುತ್ತಾನೆ. ನಡುವೆ ಮೂರು ದಿನ ಹೊಗೆಗೆ ಕೆಮ್ಮಿ ಕೆಮ್ಮಿ ಕುಡಿದ ಹಾಲೆಲ್ಲ ಕಕ್ಕಿದ. ಕೂಡ್ಲಿಗಿ ಆಸ್ಪತ್ರೆಯಲ್ಲಿ ಆವಿ ಹಿಡಿಸಿಕೊಂಡು ಬಂದೆವು. ಈಗ ಉಸಿರಾಟ ಸಲೀಸಾಗಿದೆ. ಆದರೂ ಅವನ ಎದೆಯ ಮೇಲಿನಿಂದ ಕೈ ತೆಗೆಯಲು ಧೈರ್ಯ ಸಾಲದೆ ನನಗೆ ನಿದ್ದೆ ಹತ್ತುತ್ತಿಲ್ಲ.

ಹೊಗೆ ಯಾವುದೆಂದು ಕೇಳುತ್ತೀರಿ. ಭಾನುವಾರ ನಮ್ಮ ಗುಡ್ಡ ಸುಟ್ಟಿತು. ತೆಂಕಣ ಮಗ್ಗುಲಿನ ಹುಲ್ಲಷ್ಟೇ ಅಲ್ಲ, ನೀವು ಬೇಸಿಗೆಯಲ್ಲಿ ಕುರಿ ನಿಲ್ಲಿಸುತ್ತಿದ್ದ ಬಡಗಣ ಮಗ್ಗುಲಿನ ಕಾಡೂ ಹೋಯಿತು. ಬಿಸಿಲು ಕಡಿಮೆ ಬೀಳುವ ಜಾಗ, ನೆಲ ತಂಪು, ಅಲ್ಲಿಗೆ ಬೆಂಕಿ ಹಾಯುವುದಿಲ್ಲ ಎಂದು ಹಟ್ಟಿಯವರೆಲ್ಲ ನಂಬಿದ್ದರು. ಎಲೆ ಉದುರಿಸಿಕೊಂಡು ಮಳೆಗೆ ಕಾಯುವುದು ಇಂಥ ಒಣಸೀಮೆಯ ಮರಗಳ ಗುಣ ಎಂದು ನಾನೂ ಬಿ.ಎಸ್ಸಿ.ಯಲ್ಲಿ ಓದಿ ಬರೆದು ಪಾಸಾದವಳು. ಆದರೆ ಮಳೆ ತಪ್ಪಿ, ಸೆಕೆ ವರ್ಷದಿಂದ ವರ್ಷಕ್ಕೆ ಏರಿ, ಕಮರದ ಮರಗಳು ನಿಂತಲ್ಲೇ ಸತ್ತಿದ್ದವು. ಅವು ಮಳೆಗೆ ಕಾಯುತ್ತಿವೆ ಎಂದುಕೊಂಡಿದ್ದೆವು. ಸೌದೆಯಂತೆ ಹೊತ್ತಿಕೊಂಡವು. ಇವತ್ತಿಗೂ ಬೇರಿನೊಳಗೆ ಕೆಂಡವಿದೆ, ನೆಲದಿಂದ ಹೊಗೆ ಏಳುತ್ತದೆ. ಮಂಗಳವಾರ ನಡು ಮಧ್ಯಾಹ್ನ ಒಂದು ಕರಡಿ ದನದ ತೊಟ್ಟಿಯವರೆಗೆ ಬಂದು ನೀರು ಕುಡಿದು, ಅಲ್ಲೇ ಕೂತುಬಿಟ್ಟಿತ್ತು. ನಾಯಿ ಬೊಗಳಿದರೂ ಏಳಲಿಲ್ಲ. ಅಂಗಾಲು ಬೆಂದಿತ್ತೇನೋ.

ಬೆಂಕಿ ಇಟ್ಟದ್ದು ತಾನೇ ಎಂದು ನಿಮ್ಮ ಅಪ್ಪ ಒಪ್ಪಿಕೊಂಡಿದ್ದಾರೆ. ಹೊಸ ಹುಲ್ಲು ಚಿಗುರಲೆಂದು ಹಳೆಯದನ್ನು ಸುಡುವುದು ನಿಮ್ಮ ಮನೆತನದಲ್ಲಿ ಮೊದಲಿನಿಂದ ಬಂದದ್ದೇ. ಆದರೆ ಮಾವನವರ ಕಟ್ಟುಪಾಡು ಊರಿಗೇ ಗೊತ್ತು: "ಮೊದಲ ಮಳಿಗೆ ಗಿಡದ ಬುಡ ತೊಯ್ಯಬೇಕು, ಆಮ್ಯಾಲೆ ಕಡ್ಡಿ ಗೀರಬೇಕು." ಈ ಸಲ ಭರಣಿ ಮಳೆಯ ಹನಿಯೂ ಬಿದ್ದಿಲ್ಲ. ಪಕ್ಕದ ಮನೆಯ ಭರಮಮ್ಮ ಬೀದಿಯಲ್ಲೇ ನಿಂತು, "ಏನಲೇ ಅಜ್ಜಯ್ಯ, ವಯಸ್ಸಿನಾಗ ಮೂರು ಇಪ್ಪತ್ತು ದಾಟಿದ್ವು, ಇನ್ನಾ ಮೋಡ ಯಾವ್ದು ಹೊಗಿ ಯಾವ್ದು ತಿಳೀವಲ್ದೇನ ನಿನಗ?" ಅಂದಳು. ಮಾವನವರು ದನಗಳನ್ನು ತೊಟ್ಟಿಗೆ ಹೊಡೆದುಕೊಂಡು ಹೋದರು. ಅರಣ್ಯದವರು ಹೆಸರು ಬರೆದುಕೊಂಡು ಹೋಗಿದ್ದಾರೆ, ಬರುವ ಸೋಮವಾರ ಕೂಡ್ಲಿಗಿಯ ಆಫೀಸಿಗೆ ಬರಲು ಹೇಳಿದ್ದಾರೆ. ಕೇಸು ಹಾಕುತ್ತಾರಂತೆ, ಒಳಗೂ ಹಾಕಬಹುದಂತೆ. ಅತ್ತೆ ಊಟ ಬಿಟ್ಟಿದ್ದಾರೆ. "ದುರುಗೇಶಿಗೆ ತಿಳಿಸಬ್ಯಾಡ, ಕುರಿ ಬಿಟ್ಟು ಓಡಿ ಬರ್ತಾನ" ಅಂತ ಮಾವನವರದು ಒಂದೇ ಮಾತು.

ಹಿಂಡನ್ನು ಮಾತ್ರ ಈಚೆಗೆ ಹೊಡೆದುಕೊಂಡು ಬರಬೇಡಿ. ಗುಡ್ಡ ಚಿಗುರಿದರೆ ಬರುತ್ತೇನೆ ಎಂದಿದ್ದಿರಿ. ಈಗ ಮಳೆ ಬಂದರೂ ಅಲ್ಲಿ ತೊಯ್ಯುವುದು ಬೂದಿಯೇ. ಹೊಳೆಸಾಲಿನಲ್ಲೇ ಇರಿ, ಬಿಸಿಲಿಗೆ ತಲೆಗೆ ಟವೆಲ್ ಸುತ್ತಿಕೊಳ್ಳಿ. ಅತ್ತೆ ಪಕ್ಕೀರಮ್ಮನವರ ಆಶೀರ್ವಾದ, ಪ್ರವೀಣನ ಜೊಲ್ಲಿನ ಮುತ್ತು.

ನಿಮ್ಮ
ಚಂದನಾ

ಮತ್ತೆ, ಶುಕ್ರವಾರ ಬೆಳಿಗ್ಗೆ: ಬೊಮ್ಮಪ್ಪಣ್ಣ ಬಾಗಿಲಲ್ಲಿ ಕರೆಯುತ್ತಿದ್ದಾನೆ. ಮಾವನವರು ಒಪ್ಪಿಕೊಂಡದ್ದು ಸುಳ್ಳು, ಗೊತ್ತಿದ್ದೂ ಮೇಲೆ ಹಾಗೇ ಬರೆದೆ. ಬೆಂಕಿ ಇಟ್ಟವಳು ನಾನು. ಭಾನುವಾರ ಮಾವನವರು ಕೊಟ್ಟೂರಿಗೆ ಹೋಗಿದ್ದರು. ಸಂಜೆ ಮಳೆ ಗ್ಯಾರಂಟಿ ಎಂದು ಮೊಬೈಲಿನಲ್ಲಿ ತೋರಿಸುತ್ತಿತ್ತು, ಪಡುವಣದಲ್ಲಿ ಮೋಡವೂ ಇತ್ತು. ಮಳೆಗೆ ಮುಂಚೆ ಸುಟ್ಟರೆ ಹುಲ್ಲು ಎಂಟು ದಿನ ಬೇಗ ಏಳುತ್ತದೆ, ಪ್ರವೀಣ ಮೊದಲ ಹೆಜ್ಜೆ ಇಡುವಾಗ ನೀವು ಮನೆಯಲ್ಲಿರುತ್ತೀರಿ, ಅಷ್ಟೇ ನನ್ನ ಲೆಕ್ಕ. ಗಾಳಿ ಬಂತು, ಮಳೆ ಬರಲಿಲ್ಲ. ಹೊಗೆ ಕಂಡು ಓಡಿ ಬಂದ ಮಾವನವರು ನನ್ನ ಕೈಯಿಂದ ಕಡ್ಡಿಪೆಟ್ಟಿಗೆ ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡು, "ನೀ ಕೂಸಿನ್ನ ನೋಡ್ಕ ಹೋಗವ್ವ" ಅಂದರು. ಸೋಮವಾರ ನಾನೇ ಹೋಗಿ ನಿಜ ಹೇಳುತ್ತೇನೆ, ಅವರಿಗೆ ಇನ್ನೂ ಹೇಳಿಲ್ಲ. ಕೂಸು ಇನ್ನೂ ಮೊಲೆ ಬಿಟ್ಟಿಲ್ಲ. ನನ್ನನ್ನು ಅಲ್ಲೇ ಇರಿಸಿಕೊಂಡರೆ ಅವನನ್ನು ಎತ್ತಿಕೊಳ್ಳಲು ಆಫೀಸಿನ ಹೊರಗೆ ನೀವು ಇರಬೇಕು. ಕುರಿಗಳನ್ನು ಬೊಮ್ಮಪ್ಪಣ್ಣನಿಗೆ ಒಪ್ಪಿಸಿ ಒಬ್ಬರೇ ಬನ್ನಿ.