ಬ್ಯಾರನ್ನಿನ ಗಂಟೆ

೧೪ ಸೆಪ್ಟೆಂಬರ್ ೨೦೦೨, ಶನಿವಾರ. ಪಿರಿಯಾಪಟ್ಟಣ.

ಕಂಪ್ಯೂಟರಿನ ಸಿ ಭಾಷೆ ಕಲಿತ ಮಕ್ಕಳು ಚಿಪ್ ಕಂಡರೆ ಏಕೆ ಹೆದರುತ್ತಾರೆ ಎಂಬುದು ತಿಂಗಳಿನಿಂದ ಕೊರೆಯುತ್ತಿತ್ತು. ನನ್ನ ಕ್ಲಾಸಿನ ರಾಣಿ ಸಿ ಚೆನ್ನಾಗಿ ಬರೆಯುತ್ತಾಳೆ. ಆದರೆ ಚಿಪ್ ಕೂರಿಸಿದ ಬೋರ್ಡನ್ನು ಕೈಗೆ ಕೊಟ್ಟ ದಿನ, "ಇದು ಎಲೆಕ್ಟ್ರಾನಿಕ್ಸ್‌ನೋರ್ದು ಮಿಸ್, ನಂಗ್ ಬ್ಯಾಡ" ಎಂದು ವಾಪಸ್ ಇಟ್ಟಿದ್ದಳು. ಅದಕ್ಕೇ ಚಿಪ್ಪಿನ ತಂಟೆಯನ್ನೆಲ್ಲ ಒಳಗೆ ಮುಚ್ಚಿಟ್ಟು ಎರಡೇ ಫಂಕ್ಷನ್ ಮಾಡಿಕೊಟ್ಟೆ. 'ಬಿಸಿ' ಎಂದು ಕರೆದರೆ ಶಾಖ ಎಷ್ಟಿದೆಯೆಂದು ಹೇಳುತ್ತದೆ, 'ಗಂಟೆ' ಎಂದರೆ ಬಾರಿಸುತ್ತದೆ. ಉಳಿದದ್ದು ಅವಳಿಗೆ ಗೊತ್ತಿರುವ ಸಿ.

ಅವಳು ಬರೆದ ಪ್ರೋಗ್ರಾಂ ಹಾಕಿ, ಇವತ್ತು ಮಧ್ಯಾಹ್ನ ಅವರ ಮನೆಯ ಬ್ಯಾರನ್ನಿಗೆ, ಅಂದರೆ ಹೊಗೆಸೊಪ್ಪು ಬೇಯಿಸುವ ಕೋಣೆಗೆ, ಬೋರ್ಡನ್ನು ಕಟ್ಟಿದೆವು. ಸೊಪ್ಪು ಬೇಯುವಾಗ ಶಾಖ ಇಳಿದರೆ ತುಂಬಿಸಿದ್ದೆಲ್ಲ ಹಾಳು. ಬೆಂಕಿ ಕಾಯುತ್ತಾ ಅವಳಪ್ಪ ಮಂಟಯ್ಯ ಸರಿಯಾಗಿ ಮಲಗಿ ವಾರವಾಗಿತ್ತು. ಪರೀಕ್ಷೆಗೆಂದು ಅವರೇ ಒಲೆಯ ಸೌದೆಯನ್ನು ಸ್ವಲ್ಪ ಹಿಂದಕ್ಕೆ ಎಳೆದರು. ಕಾದೆವು. ಗಂಟೆ ಹೊಡೆಯಿತು!

"ಅಂಗಾರೆ ನಾನು ಮನೀಕಬೌದಾ?" ಎಂದರು ಮಂಟಯ್ಯ.

"ಮನೀಕಳಪ್ಪ, ಅದೇ ಎಬ್ಬುಸ್ತದೆ" ಎಂದಳು ರಾಣಿ. ಅವರು ಸೌದೆ ಮುಂದಕ್ಕೆ ತಳ್ಳಿ, ಅಲ್ಲೇ ಚಾಪೆ ಹಾಸಿಕೊಂಡು ನಿದ್ದೆಹೋದರು.

ಅದಕ್ಕಿಂತ ಹಿತವಾದದ್ದು ನನ್ನನ್ನು ಬಸ್ಸು ಹತ್ತಿಸಲು ಬಂದಾಗ ರಾಣಿ ಕೇಳಿದ ಮಾತು. "ಮಿಸ್, ಆ ಗಂಟೆ ಫಂಕ್ಷನ್ ಒಳಗೆ ಏನ್ ಬರ್ದಿದ್ದೀರಿ? ನಂಗೂ ತೋರ್ಸಿ."

ಹೆದರಬಾರದೆಂದು ಮುಚ್ಚಿಟ್ಟದ್ದನ್ನು ತಾನಾಗಿಯೇ ಕೇಳಿದಳು. ಸೋಮವಾರ ತೆರೆದು ತೋರಿಸುತ್ತೇನೆ. ಈಗ ಕಣ್ಣು ಎಳೆಯುತ್ತಿದೆ. ಸೀರೆಯ ತುಂಬ ಹೊಗೆಸೊಪ್ಪಿನ ವಾಸನೆ, ಎದ್ದು ಬದಲಾಯಿಸಬೇಕು, ಆದರೆ…