ನಾಲೆ ಏರಿಯ ಪೇಪರ್ ಮೇಷ್ಟ್ರು

ಹೊಳೆನರಸೀಪುರ
೧೦ ಆಗಸ್ಟ್ ೨೦೨೫, ಭಾನುವಾರ

ಪ್ರಿಯ ಸುದ್ದಿ,

ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ. ಮೂವತ್ತೊಂದು ವರ್ಷ ಕಾಲೇಜು ಹುಡುಗರಿಗೆ ಇತಿಹಾಸ ಪಾಠ ಹೇಳಿದ, ಅರವತ್ತೊಂಬತ್ತು ವಯಸ್ಸಿನ, ನಟರಾಜ ಎಂಬ ಹೆಸರಿನ ನಾನು, ಕಳೆದ ಜೂನ್ ಕೊನೆಯಿಂದ ನಮ್ಮೂರಿನ ವಾಚನಾಲಯದಲ್ಲಿ ದಿನಕ್ಕೊಂದರಂತೆ ಹದಿನೇಳು ಪೇಪರ್ ಕದ್ದಿದ್ದೇನೆ. ಕದ್ದ ಮಾಲನ್ನು ಸ್ವೆಟರಿನ ಒಳಗೆ ಹೊಟ್ಟೆಗೆ ಒತ್ತಿಕೊಂಡು ಹೊರಬರುತ್ತಿದ್ದೆ. ಹೊಟ್ಟೆ ಮೊದಲೇ ಮುಂದಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಇಷ್ಟು ವರ್ಷ ಸಾಕಿದ್ದಕ್ಕೆ ಅದು ಅಷ್ಟಾದರೂ ಋಣ ತೀರಿಸಿತು.

ಕಳ್ಳನ ನಮಸ್ಕಾರ ಒಪ್ಪಿಸಿಕೋ. ನೀನೂ ಸ್ನೇಹಲತಾ ಅವರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಹನ್ನೊಂದು ತಿಂಗಳಾಯಿತು. ತಡವಾಯಿತು ಎನ್ನುವುದಕ್ಕೂ ಒಂದು ಮಿತಿ ಇದೆ, ನಾನು ಅದನ್ನು ದಾಟಿದ್ದೇನೆ. ನಾಳೆ ಬರೆಯೋಣ, ನಾಳೆ ಬರೆಯೋಣ ಎನ್ನುತ್ತ ದಿನಾ ನಾಲೆಯ ಕಡೆಗೇ ಹೋದೆ. ಕಾಗದವನ್ನು ಮಾತ್ರ ಒಂದು ದಿನವೂ ಬಿಟ್ಟು ಹೋಗಿಲ್ಲ, ಸ್ವೆಟರಿನ ಜೇಬಿನಲ್ಲೇ ಇತ್ತು. ಓದಿ ಓದಿ ಅದರ ಮಡಿಕೆಗಳು ಸವೆದಿವೆ ಎಂದು ಬೇಕಾದರೆ ಬರೆದುಕೋ. ಅದರಲ್ಲಿ ನೀನು ಒಂದೇ ಸಾಲಿನಲ್ಲಿ ಕೇಳಿದ್ದೀ: “ನಟ, ನನ್ನ ಮೇಲೆ ನಿನಗೆ ಕೋಪವೇ?”

ಫೋನಿನಲ್ಲಿ ಕೇಳಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಹಾಸನದ ಕಾಲೇಜಿನಲ್ಲಿ ಗೋಡೆ ಪತ್ರಿಕೆ ಅಂಟಿಸುತ್ತಿದ್ದ ದಿನಗಳಲ್ಲೇ ನಾವಿಬ್ಬರೂ ಮಾತು ಮಾಡಿಕೊಂಡವರಲ್ಲವೇ, ಮುಖ್ಯವಾದದ್ದನ್ನೆಲ್ಲ ಕಾಗದದ ಮೇಲೆಯೇ ಎಂದು? ನೀನು ಆ ಮಾತು ಉಳಿಸಿಕೊಂಡು ಚನ್ನರಾಯಪಟ್ಟಣದಲ್ಲಿ ಪ್ರೆಸ್ ಇಟ್ಟೆ. ನನ್ನ ಸುದ್ದಿಯಾಗಿದ್ದ ಸುದರ್ಶನ ಹೋಗಿ ನನಗೆ ದೂರದರ್ಶನವಾದೆ. ನಿನ್ನ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ಆದರೆ ದಾರಿ ನಾಲೆಯ ಮೇಲೆಯೇ ಹೋಗಬೇಕು.

ಅದಕ್ಕೆ ಮೊದಲು ಒಂದು ಮಾತು. ಅಕ್ಷರ ದುಂಡಗಿರುವುದನ್ನು ನೋಡಿ ಗಾಬರಿಯಾಗಬೇಡ. ನನ್ನ ಬರಹವನ್ನು ಕಾಗೆ ಕಾಲು ಗುಬ್ಬಿ ಕಾಲು ಎಂದು ಇಡೀ ತರಗತಿಯ ಮುಂದೆ ಹಂಗಿಸಿದವನು ನೀನು. ನಿವೃತ್ತಿಯಾದ ಮೇಲೆ ಮನುಷ್ಯ ಸುಧಾರಿಸಬಾರದು ಎಂದು ಎಲ್ಲಿಯೂ ಕಾನೂನಿಲ್ಲ.

ಈಗ ನಾಲೆ. ನಮ್ಮ ಮನೆಯಿಂದ ಏರಿಗೆ ಹತ್ತು ನಿಮಿಷ. ಬೆಳಿಗ್ಗೆ ಆರೂವರೆಗೆ ಹೊರಟು ಎರಡನೆಯ ತೂಬಿನವರೆಗೆ ನಡೆದು ಅಲ್ಲಿನ ಕಟ್ಟೆಯ ಮೇಲೆ ಕೂರುತ್ತೇನೆ. ನಾಲ್ಕು ವರ್ಷದ ಹಿಂದೆ ಒಂದು ದಿನ ಅಲ್ಲಿ ಕೂತು ಪೇಪರ್ ಬಿಡಿಸಿದೆ. ಗದ್ದೆಗೆ ಹೊರಟಿದ್ದ ರಂಗಸ್ವಾಮಿ, “ಏನ್ ಸಾ ಸುದ್ದಿ?” ಎಂದ. ಒಂದು ಸುದ್ದಿ ಜೋರಾಗಿ ಓದಿದೆ. ಮರುದಿನ ನಾಲ್ಕು ಜನ, ತಿಂಗಳೊಳಗೆ ಹತ್ತು ಹನ್ನೆರಡು ಜನ. ಹಾಲು ಹಾಕಿ ಬರುವವರು, ಸಕ್ಕರೆ ಕಾಯಿಲೆಗೆಂದು ನಡೆಯುವವರು, ಸುಮ್ಮನೆ ಮನೆಯಲ್ಲಿ ಇರಲಾರದವರು. ನನಗೆ ಪೇಪರ್ ಮೇಷ್ಟ್ರು ಎಂದು ಹೆಸರಾಯಿತು. ಕಾಲೇಜಿನಲ್ಲಿ ಹಾಜರಿ ತೆಗೆದುಕೊಂಡರೂ ಹುಡುಗರು ಕೂರುತ್ತಿರಲಿಲ್ಲ. ಇಲ್ಲಿ ಹಾಜರಿಯೇ ಇಲ್ಲ, ಒಬ್ಬರೂ ತಪ್ಪಿಸುತ್ತಿರಲಿಲ್ಲ.

ಅವರ ಬಳಿ ಫೋನ್ ಇಲ್ಲವೆಂದಲ್ಲ. ಎಲ್ಲರ ಜೇಬಿನಲ್ಲೂ ಇದೆ. ಏರಿಯ ಕೆಳಗಿನ ಹಳ್ಳಿಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಏರಿ ಹತ್ತಿದರೆ ಎರಡು ಕಡ್ಡಿ ಬರುತ್ತದೆ. ನೀರಿಗೆಂದು ಹಾಕಿದ ಏರಿ ಈಗ ನೆಟ್‌ವರ್ಕಿಗೂ ಒದಗುತ್ತಿದೆ. ಆದರೆ ನೆಟ್ ಬಂದ ಮಾತ್ರಕ್ಕೆ ಸುದ್ದಿ ನೆಟ್ಟಗೆ ಬರುತ್ತದೆಯೇ? ವಾಟ್ಸಾಪಿನಲ್ಲಿ ಒಂದೇ ವಾರದಲ್ಲಿ ಡ್ಯಾಮು ಮೂರು ಸಲ ತುಂಬುತ್ತದೆ. ಬಂದದ್ದನ್ನು ಮುಂದಕ್ಕೆ ಕಳಿಸುವವರೇ ಎಲ್ಲ, ಹಿಂದೆ ಎಲ್ಲಿಂದ ಹೊರಟಿತು ಎಂದು ಕೇಳುವವರಿಲ್ಲ. ನಮ್ಮ ಕಾಲದಲ್ಲಿ ಬಸ್ಸಿನ ಟಾಪಿನಿಂದ ಪೇಪರ್ ಕಟ್ಟು ದೊಪ್ಪೆಂದು ಬಿದ್ದರೆ ಊರಿಗೆಲ್ಲ ಒಂದೇ ಸುದ್ದಿ ಬಿದ್ದ ಹಾಗೆ. ಹಾಗಾಗಿ ರಂಗಸ್ವಾಮಿ ಹೇಳುತ್ತಿದ್ದ, “ಫೋನ್ನಾಗಿರೋದು ಸುದ್ದಿ, ಮೇಷ್ಟ್ರು ಓದಿದ್ದು ನಿಜ.” ನೆನೆದರೆ ಈಗಲೂ ಬೆವರುತ್ತದೆ.

ಏಕೆಂದರೆ ಕಳೆದ ಒಂದೂವರೆ ವರ್ಷದಿಂದ ನನಗೆ ಪೇಪರಿನ ಸಣ್ಣ ಅಕ್ಷರ ಕಾಣುವುದಿಲ್ಲ, ಸುದ್ದಿ. ಹಾಸನದ ಕಣ್ಣಿನ ಡಾಕ್ಟರು ಹೇಳಿದರು, ಕಣ್ಣಿನ ಪರದೆಯ ನಡುಭಾಗ ಸವೆದಿದೆ, ಅಂಚು ಚೆನ್ನಾಗಿದೆ, ಕನ್ನಡಕ ಬದಲಾಯಿಸಿ ಪ್ರಯೋಜನವಿಲ್ಲ ಎಂದು. ಗಾಬರಿ ಬೇಡ, ಸಣ್ಣಕ್ಷರ ಮಾತ್ರ. ದಾರಿ ಕಾಣುತ್ತದೆ, ಮರ ಕಾಣುತ್ತದೆ, ಮನುಷ್ಯರೂ ಕಾಣುತ್ತಾರೆ. ನೂರು ಜನರ ನಡುವೆ ನಿಲ್ಲಿಸಿದರೂ ನಿನ್ನನ್ನು ಗುರುತು ಹಿಡಿಯುತ್ತೇನೆ.

ಆದರೂ ಕಟ್ಟೆ ಬಿಡಲು ಮನಸ್ಸಾಗಲಿಲ್ಲ. ಒಂದು ಉಪಾಯ ಮಾಡಿದೆ. ಎದ್ದ ಕೂಡಲೇ ಆಕಾಶವಾಣಿಯ ವಾರ್ತೆ ಕೇಳಿ ನೆನಪಿಟ್ಟುಕೊಂಡು, ಕಟ್ಟೆಯ ಮೇಲೆ ಪೇಪರ್ ಬಿಡಿಸಿ ಅದನ್ನೇ “ಓದುತ್ತಿದ್ದೆ”. ನೆನಪು ಸಾಲದ ಕಡೆ ಸ್ವಂತ ಸಂಪಾದನೆ. ಸಂಪಾದಕ ಎಂಬ ಪದದ ಅರ್ಥ ನನಗೆ ಆಗ ತಿಳಿಯಿತು. ಮನೆಯಾಕೆ ಗಂಗಾಂಬಿಕೆಗೆ ಕಣ್ಣಿನ ವಿಷಯ ಗೊತ್ತಾದದ್ದೇ ಈ ಜೂನ್‌ನಲ್ಲಿ, ಡಾಕ್ಟರ ಚೀಟಿ ಪಂಚೆಯ ಮಡಿಕೆಯಲ್ಲಿ ಸಿಕ್ಕಿದ ಮೇಲೆ. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, ಓದುವವರಿಲ್ಲದ ಮೇಲೆ ಪೇಪರ್ ಯಾಕೆ ಎಂದು ನಿಲ್ಲಿಸಿಬಿಟ್ಟಳು. ಓದುಗನಿಗೆ ಪೇಪರ್ ಬೇಡದೆ ಇರಬಹುದು, ನಟನಿಗೆ ಬೇಕೇ ಬೇಕು. ಹಾಗಾಗಿ ವಾಚನಾಲಯ, ಹಾಗಾಗಿ ಸ್ವೆಟರು. ಆ ದಿನದ ಪೇಪರ್ ಕದ್ದರೆ ಸಿಕ್ಕಿಬೀಳುತ್ತೇನೆಂದು ಮೂಲೆಯಲ್ಲಿ ರದ್ದಿಗೆ ಕಟ್ಟಿಟ್ಟಿದ್ದ ಹಳೆಯ ಕಟ್ಟಿನಿಂದ ಎಳೆದುಕೊಳ್ಳುತ್ತಿದ್ದೆ. ಓದುವುದೇ ಇಲ್ಲವೆಂದ ಮೇಲೆ ಹಳೆಯದಾದರೇನು, ಹೊಸದಾದರೇನು?

ಹದಿನೇಳನೆಯ ಪೇಪರ್ ನನ್ನನ್ನು ಕೆಡವಿತು. ಜುಲೈ ಎರಡನೆಯ ವಾರ. ಮಡಿಕೆ ಬಿಡಿಸಿ ತಲೆಯನ್ನು ಸ್ವಲ್ಪ ಓರೆ ಮಾಡಿದೆ. ಅಂಚಿನ ಕಣ್ಣಿಗೆ ದಪ್ಪ ಅಕ್ಷರದ ತಲೆಬರಹ ಕಾಣಿಸಿತು. ನಿಜವಾಗಿಯೂ ಕಾಣಿಸಿತು! ಎಷ್ಟೋ ತಿಂಗಳ ಮೇಲೆ ಅಚ್ಚಿನ ಅಕ್ಷರ ನನ್ನ ಕೈಗೆ ಸಿಕ್ಕಿತ್ತು. ಸಂತೋಷಕ್ಕೆ ಊರಿಗೆಲ್ಲ ಕೇಳುವ ಹಾಗೆ ಓದಿದೆ, “ನಾಲೆಗೆ ಸೋಮವಾರದಿಂದ ನೀರು.”

ರಂಗಸ್ವಾಮಿ ಆಗಲೇ ಎದ್ದು ನಿಂತಿದ್ದ. ಅವನ ಒಂದೂವರೆ ಎಕರೆಗೆ ನಾಲೆ ನೀರು ಬಿಟ್ಟರೆ ಬೇರೆ ದಿಕ್ಕಿಲ್ಲ. ಮನೆಯಲ್ಲಿ ಒಂದು ಬಿತ್ತನೆಗಾಗುವಷ್ಟು ಮಾತ್ರ ಭತ್ತ ಇತ್ತು. ಇವತ್ತೇ ನೆನೆಹಾಕಿ, ಸಸಿಮಡಿಗೆ ಚೆಲ್ಲಿ ಒಟ್ಲು ಬಿಡುತ್ತೇನೆ ಎಂದ. ಆಗ ದೊಡ್ಡಮ್ಮ ಬಾಯಿ ಬಿಟ್ಟಳು. ಎರಡು ಹಸು ಹಿಡಿದುಕೊಂಡು ದಿನಾ ಏರಿಗೆ ಬರುವ ಹೆಂಗಸು, ನನ್ನ ಸಭೆಯಲ್ಲಿ ಹಿಂದಿನ ಸಾಲು, ನಾಲ್ಕು ವರ್ಷದಲ್ಲಿ ನಾಲ್ಕು ಮಾತು ಆಡಿದವಳಲ್ಲ. ಅವಳ ಸೆರಗಿನ ಗಂಟಿನಲ್ಲಿ ಒಂದು ಫೋನ್ ಇರುತ್ತದೆ. ಅಕ್ಷರ ಬಾರದು, ಮೈಕಿನ ಗುರುತು ಒತ್ತಿ ಬಾಯಲ್ಲೇ ಕೇಳುವುದನ್ನು ಮೊಮ್ಮಗಳು ಕಲಿಸಿದ್ದಾಳೆ.

“ತಡ್ಕಳ್ಳಾ ರಂಗಸ್ವಾಮಿ,” ಎಂದಳು. “ಈಗ್ಲೇ ಫೋನ್ನಾಗೆ ಕೇಳ್ದೆ. ಎಲ್ಡು ಸಲ ಅದ್ಯಾವ್ದೋ ಆಡು ಆಕ್ತು. ಮೂರ್ನೇ ಸಲಕ್ಕೆ ಏಳ್ತು, ಇನ್ನೂ ನೀರು ಬಿಡೋ ಮೀಟಿಂಗೇ ಆಗಿಲ್ವಂತೆ, ನೀರು ಯಾವಾಗ ಅಂತ ಗೊತ್ತಿಲ್ವಂತೆ. ನನ್ ಫೋನು ಪೆದ್ದು, ಮೇಷ್ಟ್ರು ಓದಿದ್ದೇ ಸರಿ ಇರ್ಬೋದು. ಆದ್ರೂ ಭತ್ತ ಒಂದ್ ದಪ ನೆನುದ್ರೆ ವಾಪಸ್ ಒಣಗಾಕಿಲ್ಲ. ಎಲ್ಡು ದಿನ ನೋಡು.”

ರಂಗಸ್ವಾಮಿ ನನ್ನ ಮುಖ ನೋಡಿದನಂತೆ. ನಾನು ಎರಡು ದಿನ ನೋಡು ಎಂದೆ. ಅಷ್ಟು ಹೇಳುವುದಕ್ಕೆ ನನ್ನ ಧೈರ್ಯವೆಲ್ಲ ಖರ್ಚಾಯಿತು.

ಎಲ್ಲರೂ ಎದ್ದು ಹೋದ ಮೇಲೆ ದೊಡ್ಡಮ್ಮ ಹಸು ಹಿಡಿದುಕೊಂಡು ಅಲ್ಲೇ ನಿಂತಳು. ನಾನು ಓದುತ್ತಿಲ್ಲವೆಂದು ನಿಂಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

“ನಂಗೆ ಓದಾಕ್ ಬರಾಕಿಲ್ಲ ಸಾ. ಬಸ್ಸಿನ ಬೋಲ್ಡು, ರೇಷನ್ ಕಾಲ್ಡು, ಎಲ್ಲಾ ಬ್ಯಾರೇರು ಓದಿ ಏಳ್ಬೇಕು. ಓದೋರ ಕಣ್ಣ ನೋಡ್ಕಂಡೇ ಬದುಕ್ದೋಳು ನಾನು. ಓದೋವಾಗ ಕಣ್ಣು ಎತ್ತು ಉಳೋ ಅಂಗೆ ಓಗ್ತದೆ, ತಿರೀಕ್ಕಂಡ್ ಬತ್ತದೆ. ನಿಮ್ ಕಣ್ಣು ವರ್ಸದಿಂದ ಉಳ್ತಾ ಇಲ್ಲ.”

ಬೇರೆಯವರಿಗೂ ಗೊತ್ತೇ ಎಂದೆ. ನಕ್ಕಳು. “ಎಲ್ರಿಗೂ ಗೊತ್ತು. ರಂಗಸ್ವಾಮಿಗೊಂದ್ ಗೊತ್ತಿಲ್ಲ, ಅವ ನಂಬೋ ಆಸಾಮಿ. ನೀವು ಏಳೋದು ಚೆಂದಾಗಿರ್ತದೆ, ಕೇಳ್ಕಂಡ್ ಓಯ್ತಾರೆ.”

ಸುದ್ದಿ, ನಾನು ಎಷ್ಟೋ ಸನ್ಮಾನ ಮಾಡಿಸಿಕೊಂಡಿದ್ದೇನೆ, ಶಾಲುಗಳು ಪೆಟ್ಟಿಗೆಯಲ್ಲಿವೆ. ಅಷ್ಟು ಜನ ವರ್ಷವಿಡೀ ಸುಳ್ಳೆಂದು ಗೊತ್ತಿದ್ದೂ ಬೆಳಗಿನ ಕೆಲಸ ಬಿಟ್ಟು ಕೂತು ಕೇಳಿದರಲ್ಲ, ಅದಕ್ಕೆ ಸಮನಾದ ಶಾಲು ಯಾವುದೂ ಇಲ್ಲ.

ಮರುದಿನ ಕಟ್ಟೆಯ ಮೇಲೆ ನಿಂತು ಎಲ್ಲರ ಮುಂದೆ ತಪ್ಪೊಪ್ಪಿಕೊಂಡೆ. ಓದಿದ್ದು ಹೋದ ವರ್ಷದ ಪೇಪರ್ ಎಂದು ರಾತ್ರಿ ಗಂಗಾಂಬಿಕೆ ತಾರೀಕು ನೋಡಿ ತಿಳಿಸಿದ್ದಳು, ಅದನ್ನೂ ಹೇಳಿದೆ. ರಂಗಸ್ವಾಮಿಯ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಕೊನೆಗೆ ಅವನು ಕೇಳಿದ್ದು ಇಷ್ಟೇ: “ಅಂಗಾರೆ ಇನ್ಮ್ಯಾಕೆ ಪೇಪರ್ ಓದೋರು ಯಾರು ಸಾ?”

ಈಗ ನಾವಿಬ್ಬರೂ ಸೇರಿ ಓದುತ್ತೇವೆ. ದೊಡ್ಡಮ್ಮ ಫೋನ್ ಹಿಡಿದು ಗುರುತು ಒತ್ತುತ್ತಾಳೆ, ನಾನು ಕೇಳುತ್ತೇನೆ. ಅವಳ ಮಾತು ಅದಕ್ಕೆ ಸರಿಯಾಗಿ ಹತ್ತುವುದಿಲ್ಲ, ನನ್ನ ಕಾಲೇಜು ಕನ್ನಡಕ್ಕೆ ತಕ್ಷಣ ಬಾಗುತ್ತದೆ. ಅದು ಪೇಪರನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ತಾರೀಕು ಯಾವುದು ಎಂದು ಮೊದಲು ಕೇಳುವುದು ರಂಗಸ್ವಾಮಿಯ ಕೆಲಸ. ಅಕ್ಷರ ಬಾರದವಳೂ ಅಕ್ಷರ ಕಾಣದವನೂ ಸೇರಿ ಒಬ್ಬ ಓದುಗನಾಗಿದ್ದೇವೆ. ಫೋನನ್ನು ನಾನು ಕಳೆದ ಹತ್ತು ವರ್ಷ ಬೈದದ್ದನ್ನೆಲ್ಲ ವಾಪಸ್ ತೆಗೆದುಕೊಂಡಿದ್ದೇನೆ. ಜುಲೈ ಕೊನೆಗೆ ನಾಲೆಗೆ ನೀರು ಬಂತು. ರಂಗಸ್ವಾಮಿಯ ಒಟ್ಲು ಹಸಿರಾಗಿದೆ. ಅವನು ನನ್ನ ಕೈ ಹಿಡಿದು ಸಸಿಯ ತುದಿ ಮುಟ್ಟಿಸಿದ.

ವಾಚನಾಲಯಕ್ಕೆ ಹದಿನೇಳು ಪೇಪರೂ ಹಿಂದಿರುಗಿಸಿದೆ. ಅಲ್ಲಿನ ಮೇಲ್ವಿಚಾರಕಿ ಪ್ರೇಮಕುಮಾರಿ, “ರದ್ದಿ ಕದಿಯೋರನ್ನ ಇದೇ ಮೊದಲು ನೋಡಿದ್ದು ಸರ್” ಎಂದರು.

ಇನ್ನು ನಿನ್ನ ಪ್ರಶ್ನೆ. ಕೋಪವಿಲ್ಲ ಮಾರಾಯ. ಎಂದೂ ಇರಲಿಲ್ಲ. ಈ ವಯಸ್ಸಿನಲ್ಲಿ ನನಗೆ ಉಳಿದಿರುವುದು ಕೃತಜ್ಞತೆ ಒಂದೇ, ಅದರಲ್ಲಿ ದೊಡ್ಡ ಪಾಲು ನಿನ್ನದು. ನಿನ್ನ ಮೊಣಕಾಲಿಗೂ ಸ್ನೇಹಲತಾ ಅವರ ತೆಂಗಿನ ಗಿಡಗಳಿಗೂ ದೇವರು ಬಲ ಕೊಡಲಿ.

ನಿನ್ನ
ನಟರಾಜ

ತಾ.ಕ.: ಮೇಲಿನ ಸಹಿ ಮಾತ್ರ ನನ್ನದು. ಅದು ಗೆರೆ ಬಿಟ್ಟು ಓಡಿರುವುದನ್ನು ನೀನು ನೋಡಿಯೇ ಇರುತ್ತೀ. ಉಳಿದ ದುಂಡಕ್ಷರವೆಲ್ಲ ಗಂಗಾಂಬಿಕೆಯದು. ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ. “ನೂರು ಜನರ ನಡುವೆ” ಎಂಬ ಸಾಲಿಗೆ ಬಂದಾಗ ಪೆನ್ನು ಕೆಳಗಿಟ್ಟು, “ಇದನ್ನೂ ಬರೀಬೇಕಾ?” ಎಂದು ಕೇಳಿದಳು. ಬರೆ ಎಂದೆ. ಈಗ, ಉಳಿದದ್ದನ್ನು ನೀವು ಹೇಳದಿದ್ದರೆ ನಾನೇ ಬರೆಯುತ್ತೇನೆ ಎನ್ನುತ್ತಿದ್ದಾಳೆ.

ನಿನ್ನ ಕಾಗದವನ್ನು ನಾನು ಹನ್ನೊಂದು ತಿಂಗಳು ಓದಲೇ ಇಲ್ಲ ಸುದ್ದಿ. ಲಕೋಟೆಯನ್ನೇ ಒಡೆದಿರಲಿಲ್ಲ. ಹೋದ ಭಾನುವಾರ ಗಂಗಾಂಬಿಕೆಯ ಕೈಗೆ ಕೊಟ್ಟೆ, ಅವಳು ಓದಿದಳು. ಹೋದ ಶ್ರಾವಣದಲ್ಲಿ ಅರಕಲಗೂಡಿನಲ್ಲಿ ನಮ್ಮ ಸಹಪಾಠಿ ಕುಮಾರನ ಮಗಳ ಮದುವೆಗೆ ನೀನೂ ಬಂದಿದ್ದೆ. ಛತ್ರದ ಬಾಗಿಲಲ್ಲಿ ನೀನು ನನ್ನ ಎದುರಿಗೆ ನಿಂತು ನಕ್ಕು ಕೈ ಎತ್ತಿದೆ. ಕಂಬಕ್ಕೆ ದಾರಿ ಬಿಡುವ ಹಾಗೆ ನಾನು ಪಕ್ಕಕ್ಕೆ ಸರಿದು ಹೋದೆ. ಹೀಗೆಂದು ಬರೆದಿದ್ದೀ. ಬಾಗಿಲಲ್ಲಿ ಯಾರೋ ನಿಂತಿದ್ದರು ಎಂಬಷ್ಟೇ ನನಗೆ ನೆನಪು. ಮುಖಗಳು ಈಗ ನನಗೆ ಒರೆಸಿದ ಕರಿಹಲಗೆಯ ಹಾಗೆ, ಏನೋ ಬರೆದಿತ್ತು ಎಂದಷ್ಟೇ ತಿಳಿಯುತ್ತದೆ.

ಆದರೆ ಅವತ್ತು ನಾನು ನಿನ್ನನ್ನು ಹುಡುಕಿ ಮಾತಾಡಿಸಿಯೂ ಇದ್ದೆ. ಊಟದ ಮನೆಯ ಪಕ್ಕದ ಬೆಂಚಿನಲ್ಲಿ ಬಿಳಿ ಷರಟು, ನಿನ್ನದೇ ಎತ್ತರ, ನಿನ್ನ ಹಾಗೆಯೇ ಎಡಕ್ಕೆ ವಾಲಿ ಕೂತ ಭಂಗಿ. ವಾಲಗದ ಗದ್ದಲದಲ್ಲಿ ನೀನು ಹೂಂ ಎಂದದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಹೆಂಡತಿಗೂ ಹೇಳಿರದ ಕಣ್ಣಿನ ವಿಷಯವನ್ನು ಅರ್ಧ ಗಂಟೆ ನಿನ್ನ ಕೈ ಹಿಡಿದುಕೊಂಡು ಹೇಳಿದೆ. ಹೇಳುತ್ತ ಅತ್ತುಬಿಟ್ಟೆ. ಯಾರಿಗೂ ಹೇಳಬೇಡ ಎಂದೆ. ವಾರ ಕಳೆದ ಮೇಲೆ ನಿನ್ನ ಕಾಗದ ಬಂದಾಗ, ಒಳಗೆ ಕನಿಕರದ ಮಾತಿರುತ್ತದೆ ಎಂದು ಹೆದರಿ ಒಡೆಯಲಿಲ್ಲ.

ಮೊನ್ನೆ ಕುಮಾರನಿಗೆ ಫೋನ್ ಮಾಡಿ ವಿಚಾರಿಸಿದೆ. ಆ ಬೆಂಚಿನಲ್ಲಿ ಕೂತಿದ್ದವನು ಗಂಡಿನ ಕಡೆಯ ಬಸ್ಸಿನ ಡ್ರೈವರ್, ದುದ್ದ ಊರಿನವನಂತೆ. ಬಸ್ ಹೊರಡುವ ಹೊತ್ತು ಮೀರಿ ಎಲ್ಲರೂ ಕೂಗುತ್ತಿದ್ದರೂ, ಯಾರೋ ಯಜಮಾನರು ಕೈ ಹಿಡಿದುಕೊಂಡಿದ್ದಾರೆ ಎಂದು ಏಳಲಿಲ್ಲವಂತೆ. ನನ್ನನ್ನು ಪಂಕ್ತಿಗೆ ಕರೆದುಕೊಂಡು ಹೋಗಿ ಎಲೆಯ ಮುಂದೆ ಕೂರಿಸಿ ಹೋದವನೂ ಅವನೇ. ನನ್ನ ಗುಟ್ಟನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ, ಕುಮಾರನಿಗೂ ಗೊತ್ತಿರಲಿಲ್ಲ.

ನೂರು ಜನರ ನಡುವೆ ನಿನ್ನನ್ನು ಗುರುತು ಹಿಡಿಯುವವನು ಹಿಡಿದದ್ದು ಆ ಪುಣ್ಯಾತ್ಮನ ಕೈಯನ್ನು. ಒಂದು ಬೆಳಿಗ್ಗೆ ನಾಲೆಗೆ ಬಾ. ಬಂದಾಗ ನಗಬೇಡ, ಕೈ ಎತ್ತಬೇಡ. ದೂರದಿಂದಲೇ ಜೋರಾಗಿ ಒಂದು ಸಲ ಬೈಯಿ.