ಮೂರು ಸಲ ಬಿಚ್ಚಿ ಹೊಲಿದ ಗೌನು

ಮಡಂತ್ಯಾರು
ಮೇ 19, 2020

ಪ್ರೀತಿಯ ಮಗಳು ಹಸ್ನಾಳಿಗೆ,

ಅಸ್ಸಲಾಮು ಅಲೈಕುಂ. ಜ್ವರ ಪೂರ್ತಿ ಬಿಟ್ಟಿತೇ? ಬಾಯಿಗೆ ರುಚಿ ಹತ್ತುತ್ತಿದೆಯೇ? ಮೈಯಲ್ಲಿ ಶಕ್ತಿ ಬರುವವರೆಗೆ ಉಪವಾಸ ಹಿಡಿಯಬೇಡ, ಬಿಟ್ಟ ದಿನಗಳನ್ನು ಆಮೇಲೆ ತೀರಿಸಬಹುದು. ಇದು ನಿನ್ನ ಉಮ್ಮನ ಅಪ್ಪಣೆ, ನಾನು ಬರೆಯುವವ ಮಾತ್ರ. ನಿನ್ನೆ ಸಂಜೆ ನಿನ್ನ ಕೊರೊನಾ ಟೆಸ್ಟ್ ನೆಗೆಟಿವ್ ಎಂದು ಫೋನ್ ಬಂದಾಗ ಅವಳು ಅಡುಗೆಮನೆಯಲ್ಲೇ ಕೂತು ಅತ್ತಳು. ಆಮೇಲೆ ಎದ್ದು, ಒಲೆಯ ಮೇಲಿನ ಗಂಜಿ ಅಡಿ ಹಿಡಿದದ್ದಕ್ಕೆ ನನ್ನನ್ನೇ ಬೈದಳು. ಆರು ದಿನಗಳ ನಂತರ ಅವಳ ಬೈಗುಳ ಕೇಳಿ ನನಗೆ ಹೋದ ಜೀವ ಬಂದಂತಾಯಿತು.

ಇನ್ನು, ಫೋನಿನಲ್ಲಿ ಹೇಳಲು ಬಾಯಿ ಬಾರದ ಒಂದು ವಿಷಯ. ನಿನ್ನ ವಾರ್ಡಿನ ನರ್ಸುಗಳಿಗಾಗಿ ನಾವು ಇಲ್ಲಿ ಗೌನು ಹೊಲಿಯುವುದು ನಿನಗೆ ಗೊತ್ತೇ ಇದೆ. ಮಕ್ಕಳಿಲ್ಲದೆ ಮುಚ್ಚಿದ್ದ ಮದ್ರಸದ ಹಾಲ್‌ನಲ್ಲಿ ಒಂಬತ್ತು ಮೆಷಿನ್ ಇಟ್ಟಿದ್ದೇವೆ. ಬುರ್ಖಾ ಹೊಲಿಯುವ ನಾನು, ರವಿಕೆ ಹೊಲಿಯುವ ಸ್ವಸಹಾಯ ಸಂಘದ ಹೆಂಗಸರು. ಮುಖಕ್ಕೆ ಮಾಸ್ಕ್, ನನಗೆ ಮೇಲಿಂದ ರಂಜಾನ್ ಉಪವಾಸ. ನೂಲಿನ ತುದಿಯನ್ನು ಬಾಯಲ್ಲಿ ಒದ್ದೆ ಮಾಡದೆ ಸೂಜಿಗೆ ಪೋಣಿಸಲು ಈ ವಯಸ್ಸಿನಲ್ಲಿ ಕಲಿತೆ. ನಲವತ್ತು ವರ್ಷದ ಟೈಲರ್ ಎಂದು ಎಲ್ಲರೂ ನನ್ನನ್ನೇ ಮುಂದೆ ಮಾಡಿದರು, ನಾನೂ ಸ್ವಲ್ಪ ಉಬ್ಬಿದೆ. ಪಕ್ಕದ ಮೆಷಿನ್ನಿನ ಪ್ರೇಮಾವತಿಯ ಕೆಲಸ ನೋಡಿ, ಇದು ಹೊಲಿಗೆಯೋ ಚಾರ್ಮಾಡಿ ಘಾಟಿಯ ತಿರುವೋ ಎಂದು ದಿನಾ ಕೀಟಲೆ ಮಾಡುತ್ತಿದ್ದೆ. ನನ್ನ ಅಭ್ಯಾಸ ನಿನಗೆ ಗೊತ್ತಲ್ಲ, ಹೊಲಿಗೆ ಒಂದೆಳೆ ಓರೆಯಾದರೂ ಬಿಚ್ಚಿ ಮತ್ತೆ ಹೊಲಿಯದೆ ಗಿರಾಕಿಗೆ ಕೊಟ್ಟವನಲ್ಲ. ಮೊದಲ ಕಟ್ಟಿನಲ್ಲಿ ನಿನ್ನ ಹೆಸರು ಬರೆದು ಕಳಿಸಿದ ಗೌನನ್ನಂತೂ ಮೂರು ಸಲ ಬಿಚ್ಚಿ ಹೊಲಿದೆ. ಮಗಳು ಹಾಕುವುದು, ಚಂದ ಇರಲಿ ಎಂದು.

ಆ ಕಟ್ಟು ಹೋದ ಮೂರನೆಯ ದಿನ ಡಾಕ್ಟರೊಬ್ಬರು ಬಂದು, ಹಾಲ್‌ನಲ್ಲಿದ್ದ ಗೌನುಗಳ ತೋಳಿನ ಬಾಯಿ ಕಟ್ಟಿ, ಒಳಗೆ ನೀರು ಹೊಯ್ದು ನೇತುಹಾಕಿದರು. ಪ್ರೇಮಾವತಿಯದ್ದು ಒಂದು ಹನಿಯೂ ಬಿಡಲಿಲ್ಲ. ನನ್ನದು ತೊಟ್ಟಿಕ್ಕಿತು. ಇದು ನೂಲಿನ ಬಟ್ಟೆಯಲ್ಲ, ಪ್ಲಾಸ್ಟಿಕ್ಕಿನ ಹಾಗೆ. ಸೂಜಿ ಚುಚ್ಚಿದ ತೂತು ಮತ್ತೆ ಕೂಡುವುದಿಲ್ಲ. ಹೊಲಿಗೆಯ ಮೇಲೆ ಟೇಪ್ ಅಂಟಿಸುತ್ತೇವೆ ನಿಜ, ಆದರೆ ನಾನು ಬಿಚ್ಚಿದ ಹಳೆಯ ಹೊಲಿಗೆಯ ತೂತುಗಳು ಟೇಪಿನ ಆಚೆ ಹಾಗೇ ಉಳಿದಿದ್ದವು. ಕೂಡಲೇ ನಿಮ್ಮ ಆಸ್ಪತ್ರೆಗೆ ಫೋನ್ ಮಾಡಿ ನಾನು ಹೊಲಿದ ಗುರುತು ಇದ್ದದ್ದೆಲ್ಲ ತೆಗೆಸಿದೆ. ನೀನು ನಿನ್ನದನ್ನು ಹಿಂದಿನ ದಿನವೇ ಹಾಕಿ ಆಗಿತ್ತು. ಎರಡು ದಿನ ಬಿಟ್ಟು ನಿನಗೆ ಜ್ವರ, ಬೇರೆ ಕೋಣೆಯಲ್ಲಿ ಇಟ್ಟಿದ್ದಾರೆ ಎಂದು ತಿಳಿಯಿತು. ಮಗಳೇ, ನನ್ನ ಕೈಯಿಂದಲೇ ನಿನಗೆ ಹೀಗಾಯಿತೆಂದು ಹೆದರಿ ಸತ್ತೆ. ನಮಾಝಿನಲ್ಲಿ ಹಣೆ ನೆಲಕ್ಕಿಟ್ಟರೆ ಏಳಲು ಮರೆಯುತ್ತಿದ್ದೆ. ಉಮ್ಮನಿಗೆ ಇದನ್ನು ಹೇಳಿಲ್ಲ, ನೀನೂ ಹೇಳಬೇಡ.

ಆ ದಿನಗಳಲ್ಲಿ ಪ್ರೇಮಾವತಿ ಒಂದು ಚುಚ್ಚುಮಾತೂ ಆಡಲಿಲ್ಲ. "ನೀವು ಚಂದ ಮಾಡ್ಲಿಕ್ಕೆ ಹೋದದ್ದಲ್ವಾ ಹಾಜಬ್ಬಾಕ, ದೇವರಿಗೆ ಗೊತ್ತುಂಟು" ಎಂದಳು, ಅಷ್ಟೇ. ಇವತ್ತು ಬೆಳಿಗ್ಗೆ ನಿನ್ನ ಸುದ್ದಿ ಹೇಳಿದ್ದೇ ತಡ, ಅವಳ ನಾಲಗೆ ಮೊದಲಿನಂತಾಯಿತು. "ಇನ್ನು ನಾವೆಲ್ಲ ಘಾಟಿಯಲ್ಲೇ ಹೋಗುವ, ಹಾಜಬ್ಬಾಕ" ಎಂದಾಗ ಇಡೀ ಹಾಲ್ ನಕ್ಕಿತು, ನಾನೂ ನಕ್ಕೆ. ಎಷ್ಟು ಹಗುರವಾಯಿತು ಎಂದರೆ ಬರೆದು ತಿಳಿಸಲಾರೆ.

ಅಲ್ಲಾಹು ನಿನ್ನನ್ನೂ ನಿನ್ನ ವಾರ್ಡಿನಲ್ಲಿ ಮಲಗಿದವರನ್ನೂ ಕಾಯಲಿ. ನಿನ್ನ ಜೊತೆ ಡ್ಯೂಟಿ ಮಾಡುವ ಮಕ್ಕಳಿಗೆ ನಮ್ಮಿಬ್ಬರ ಸಲಾಂ ಹೇಳು.

ನಿನ್ನ ಬಾಪ,
ಹಾಜಬ್ಬ

ಮರೆತೆ: ಆಸ್ಪತ್ರೆಗೆ ಕಟ್ಟು ಒಯ್ಯುವ ಗಾಡಿ ಬಂದು ಹಾರ್ನ್ ಹಾಕುತ್ತಿದೆ. ಈ ಕಾಗದದ ಜೊತೆ ಬರುವ ಕಟ್ಟಿನ ಅಡಿಯಲ್ಲಿ ನಿನ್ನ ಹೆಸರಿನ ಹೊಸ ಗೌನು ಉಂಟು. ನೀರು ಹೊಯ್ದು ನೋಡಿಯೇ ಕಳಿಸಿದ್ದೇನೆ. ಎಡತೋಳಿನ ಹೊಲಿಗೆ ಓರೆಯಾಗಿದೆ, ಬಿಚ್ಚಲಿಲ್ಲ. ಯಾವ ಟೈಲರ್ ಹೊಲಿದದ್ದು ಎಂದು ಯಾರಾದರೂ ನಕ್ಕರೆ, ನನ್ನ ಹೆಸರೇ ಹೇಳು.